ಆರು ಜನರ ಮನೆ, ತಲೆಗೊಂದು ಹಾಳೆ

ಮೈಸೂರಿನ ಒಂದು ಬಡಾವಣೆಯಲ್ಲಿರುವ ಬಾಡಿಗೆ ಮನೆಯ ಉಸ್ತುವಾರಿ ನನ್ನದು. ಅಲ್ಲಿ ಆರು ಜನ ಇದ್ದಾರೆ. ಎಲ್ಲರೂ ಬೌದ್ಧಿಕ ಅಂಗವೈಕಲ್ಯ ಇರುವ ವಯಸ್ಕರು. ಇಬ್ಬರಿಗೆ ಡೌನ್ ಸಿಂಡ್ರೋಮ್, ಒಬ್ಬರಿಗೆ ಸೆರೆಬ್ರಲ್ ಪಾಲ್ಸಿ, ಇನ್ನೊಬ್ಬರಿಗೆ ಆಟಿಸಂ ಜೊತೆಗೆ ಫಿಟ್ಸ್ ಇದೆ. ಮಗನನ್ನೋ ಮಗಳನ್ನೋ ಸೇರಿಸಬೇಕು ಅಂತ ಮನೆ ನೋಡಲು ಬರುವ ಅಪ್ಪ ಅಮ್ಮ ಮೊದಲು ಗೀಸರ್, ಸಿಸಿಟಿವಿ, ಊಟದ ಪಟ್ಟಿ ಕೇಳುತ್ತಾರೆ. ಎಲ್ಲ ತೋರಿಸುತ್ತೇನೆ. ಆಮೇಲೆ, "ಇಲ್ಲಿ ಕೆಲಸ ಮಾಡೋರು ಎಷ್ಟು ವರ್ಷದಿಂದ ಇದ್ದಾರೆ ಅಂತಾನೂ ಕೇಳಿ" ಎಂದು ನಾನೇ ಹೇಳಿಕೊಡುತ್ತೇನೆ.

ಯಾಕೆಂದರೆ ನಮ್ಮ ಮನೆಯ ಮೂವರಿಗೆ ಮಾತಿಲ್ಲ. ಅವರಿಗೆ ಹಸಿವಾಗಿದೆಯೋ, ನೋವಿದೆಯೋ, ಸುಮ್ನೆ ಬೇಜಾರೋ ಎನ್ನುವುದು ಗೊತ್ತಿರುವುದು ದಿನಾ ಜೊತೆಗಿರುವ ಆಯಾಗೆ. ಆಕೆ ಕೆಲಸ ಬಿಟ್ಟರೆ ಅಷ್ಟೂ ಆಕೆಯ ಜೊತೆಗೇ ಹೋಗುತ್ತದೆ. ಸಂಬಳ ಕಡಿಮೆ, ಕೆಲಸ ಜಾಸ್ತಿ. ಹೋಮ್ ನರ್ಸಿಂಗ್‌ನಲ್ಲಿ ಇನ್ನೊಂದಿಷ್ಟು ಸಿಗುತ್ತದೆ ಅಂದರೆ ಯಾರು ತಾನೇ ನಿಲ್ಲುತ್ತಾರೆ? ಹಬ್ಬಕ್ಕೆ ಊರಿಗೆ ಹೋದವರು ಫೋನ್ ಮಾಡಿ "ಇನ್ನು ಬರಲ್ಲ ಮೇಡಂ" ಅನ್ನುತ್ತಾರೆ.

ಅದಕ್ಕೆ ಒಬ್ಬೊಬ್ಬರಿಗೂ ಒಂದು ಹಾಳೆ ಮಾಡಿದೆವು. ಒಂದೇ ಹಾಳೆ, ಎರಡು ಬದಿ. ಆಸ್ಪತ್ರೆ ಫೈಲು ಬೇರೆ ಇದೆ, ಇದರಲ್ಲಿ ರೋಗದ ಹೆಸರೇ ಕಡಿಮೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಆಯಾಗಳ ಜೊತೆ ಕೂತು ಕೇಳುತ್ತಾ ಹೋದೆ. ಅವರಿಗೆ ಬೇಡ ಅಂತ ಹೇಗೆ ಗೊತ್ತಾಗುತ್ತೆ? ನೋವಾದರೆ ಏನು ಮಾಡ್ತಾರೆ? ಸ್ನಾನ ಬೆಳಿಗ್ಗೆನೋ ಸಂಜೆನೋ? ಯಾವ ಸದ್ದಿಗೆ ಹೆದರ್ತಾರೆ? ಅವರು ಹೇಳಿದ ಹಾಗೇ ಬರೆದುಕೊಂಡೆ. ಆಟಿಸಂ ಇರುವ ಅಣ್ಣನ ಹಾಳೆಯಲ್ಲಿ ಹೀಗಿದೆ: "ಬೇಡ ಅಂದ್ರೆ ತಟ್ಟೆ ಎಡಗಡೆ ತಳ್ತಾರೆ. ಬೇಕು ಅಂದ್ರೆ ನಮ್ಮ ಮಣಿಕಟ್ಟು ಹಿಡಿದು ಎಳೀತಾರೆ. ನೋವಿದ್ರೆ ಗದ್ದಕ್ಕೆ ಗುದ್ದಿಕೊಳ್ತಾರೆ."

ಈ ಕೊನೆಯ ಸಾಲು ಒಮ್ಮೆ ತುಂಬಾ ಉಪಯೋಗಕ್ಕೆ ಬಂತು. ಅವರು ಬಟ್ಟೆ ಹರಿಯಲು, ಗುದ್ದಿಕೊಳ್ಳಲು ಶುರು ಮಾಡಿದಾಗ ಮನೋವೈದ್ಯರು ಕೊಡುವ ರಿಸ್ಪೆರಿಡೋನ್ ಮಾತ್ರೆಯ ಡೋಸ್ ಹೆಚ್ಚಿಸುವ ಮಾತು ಬಂತು. ಹಾಳೆ ಹಿಡಿದುಕೊಂಡು ಮೊದಲು ದಂತವೈದ್ಯರ ಹತ್ತಿರ ಹೋದೆವು. ದವಡೆ ಹಲ್ಲು ಹುಳುಕಾಗಿ ಬೇರಿನ ತನಕ ಹೋಗಿತ್ತು. ಕಿತ್ತ ಮೇಲೆ ಗುದ್ದಿಕೊಳ್ಳುವುದು ನಿಂತಿತು, ಡೋಸ್ ಹೆಚ್ಚಿಸುವ ಪ್ರಶ್ನೆಯೇ ಬರಲಿಲ್ಲ. ಈಗ ಯಾರ ನಡವಳಿಕೆ ಬದಲಾದರೂ ನಮ್ಮಲ್ಲಿ ಒಂದು ಕ್ರಮ ಇದೆ. ಹಲ್ಲು, ಕಿವಿ, ಹೊಟ್ಟೆ, ಮೂತ್ರ, ಹೆಂಗಸರಾದರೆ ತಿಂಗಳ ದಿನ. ಇದೆಲ್ಲ ನೋಡಿದ ಮೇಲೇ ಮನೋವೈದ್ಯರು. ಹೊಟ್ಟೆಯನ್ನಂತೂ ಮರೆಯಲೇಬಾರದು. ಮನೋರೋಗದ ಔಷಧಿಗಳ ಜೊತೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಮಲಬದ್ಧತೆ ತರುತ್ತದೆ. ಮೂರು ದಿನ ಕಕ್ಕಸಿಗೆ ಹೋಗದವರು ಸಿಟ್ಟಾಗದೆ ಇರುತ್ತಾರಾ?

ಹಾಳೆಯ ಹಿಂಬದಿ ರಾತ್ರಿ ಪಾಳಿಯವರಿಗೆ. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಹೊಸದಾಗಿ ಬರುವವರಲ್ಲಿ ಹೆಚ್ಚಿನವರು ಇನ್ನೂ ಕಬ್ಬಿಣದ ಕೀ ಹುಡುಕಲು ಓಡುತ್ತಾರೆ. ಬಯ್ಯುವುದಿಲ್ಲ, ಅವರಿಗೆ ಚಿಕ್ಕಂದಿನಿಂದ ಕಲಿಸಿದ್ದೇ ಅದು. ಆದರೆ ಇದನ್ನು ಕಲಿಯದೆ ಯಾರನ್ನೂ ಒಬ್ಬರೇ ರಾತ್ರಿ ಬಿಡುವುದಿಲ್ಲ.

ಹಳೆಯ ಹಾಳೆಗಳನ್ನು ಎಸೆಯುವುದಿಲ್ಲ, ತಾರೀಕು ಹಾಕಿ ಇಡುತ್ತೇವೆ. ಡೌನ್ ಸಿಂಡ್ರೋಮ್ ಇರುವವರಿಗೆ ಮರೆವಿನ ಕಾಯಿಲೆ ಬೇರೆಯವರಿಗಿಂತ ಬೇಗ, ನಲವತ್ತು ಐವತ್ತರ ವಯಸ್ಸಿಗೇ ಬರಬಹುದು. ಥೈರಾಯ್ಡ್ ಕಡಿಮೆಯಾದರೂ ಹಾಗೇ ಮಂಕಾಗುತ್ತಾರೆ. ಅದಕ್ಕೇ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತೇವೆ. ನಮ್ಮ ಮನೆಯ ಹಿರಿಯರು ಶರ್ಟಿನ ಗುಂಡಿ ಹಾಕಿಕೊಳ್ಳಲು ತಡವರಿಸತೊಡಗಿದಾಗ ಡಾಕ್ಟರು "ಮೊದಲು ಮಾಡ್ತಿದ್ರಾ?" ಎಂದು ಕೇಳಿದರು. ಹಿಂದಿನ ಹಾಳೆಗಳನ್ನು ಮುಂದಿಟ್ಟೆ. ಗುಂಡಿ, ಚಪ್ಪಲಿ, ಬಾತ್‌ರೂಮಿನ ದಾರಿ ಎಲ್ಲ ಅದರಲ್ಲಿತ್ತು.

ಆಯ್ಕೆಯ ವಿಷಯಕ್ಕೆ ಬರುತ್ತೇನೆ. "ನಾವು ಅವರನ್ನು ಕೇಳಿಯೇ ಮಾಡ್ತೀವಿ" ಅಂತ ಹೇಳುವುದು ಸುಲಭ. ನಮ್ಮಲ್ಲಿ ಒಬ್ಬರಿಗೆ ಎರಡು ಶರ್ಟ್ ಹಿಡಿದು ತೋರಿಸಿದರೆ ಯಾವಾಗಲೂ ಬಲಗೈಯಲ್ಲಿರುವುದನ್ನೇ ಮುಟ್ಟುತ್ತಿದ್ದರು. ನಾವು ಅದನ್ನೇ ಅವರ ಇಷ್ಟ ಅಂತ ಬರೆಯಬಹುದಿತ್ತು. ಕೈ ಬದಲಿಸಿ ತೋರಿಸಿದಾಗಲೂ ಬಲಗೈಯೇ! ಹಾಗಾಗಿ ಶರ್ಟುಗಳನ್ನು ಮಂಚದ ಮೇಲೆ ಒಂದರ ಕೆಳಗೆ ಒಂದು ಹರಡಿದೆವು. ಈಗ ಕೆಂಪು ಬಣ್ಣ ಕಂಡರೆ ಬಿಡುವುದಿಲ್ಲ. ಕಾಫಿಯೋ ಟೀಯೋ ಎನ್ನುವುದನ್ನು ಲೋಟ ಮೂಸಿ ಹೇಳುತ್ತಾರೆ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಬೆಳಿಗ್ಗೆ ಆರು ಜನಕ್ಕೆ ಒಬ್ಬರೇ ಆಯಾ ಇದ್ದರೆ ಆಯ್ಕೆ ಗೀಯ್ಕೆ ಏನೂ ಇರಲ್ಲ, ಕೈಗೆ ಸಿಕ್ಕಿದ ಬಟ್ಟೆ ಹಾಕಿ ಕೂರಿಸುತ್ತಾರೆ.

ಹಾಗಾಗಿ ಹಣದ ಲೆಕ್ಕ ಬೇಕೇ ಬೇಕು. ಹೊಸ ಸೋಫಾ, ಎರಡನೇ ಟಿವಿ ಕೊಡಿಸಲು ಬಂದ ದಾನಿಗಳನ್ನು ಒಪ್ಪಿಸಿ ಆ ದುಡ್ಡನ್ನು ಬದಲಿ ಆಯಾ ಸಂಬಳಕ್ಕೆ ಹಾಕಿಸಿಕೊಂಡೆ. ಸುಲಭವಾಗಿರಲಿಲ್ಲ, ಸೋಫಾ ಪಕ್ಕ ಫೋಟೋ ತೆಗೆಸಿಕೊಳ್ಳಬಹುದು ನೋಡಿ. ಈಗ ವಾರದ ರಜೆ ಅಂದರೆ ನಿಜವಾಗಿ ರಜೆ. ಪಾಳಿ ಬದಲಾಗುವಾಗ ಇಬ್ಬರೂ 15 ನಿಮಿಷ ಜೊತೆಗಿರಬೇಕು, ಅದಕ್ಕೂ ಸಂಬಳ ಉಂಟು. ಅಡುಗೆಮನೆಯಲ್ಲಿ ನಿಂತು, ಫೋನ್ ಬದಿಗಿಟ್ಟು, ಇವತ್ತು ಯಾರು ಊಟ ಬಿಟ್ಟರು, ಯಾರು ಎಷ್ಟು ನೀರು ಕುಡಿದರು ಅಂತ ಬಾಯಲ್ಲಿ ಹೇಳಿ ಹೋಗಬೇಕು. ನನ್ನ ಪ್ರಕಾರ ಇಡೀ ಮನೆಯಲ್ಲಿ ಅತ್ಯಂತ ಬೆಲೆಬಾಳುವ 15 ನಿಮಿಷ ಅದೇ.

ಕಾಗದಪತ್ರದ ಬಗ್ಗೆ ಚುಟುಕಾಗಿ. 18 ತುಂಬಿದ ಮೇಲೆ ಅಪ್ಪ ಅಮ್ಮ ತಾನಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. ಬೇಕಿದ್ದರೆ, ಇಂಥ ಅಂಗವೈಕಲ್ಯ ಇರುವವರಿಗಾಗಿಯೇ ಇರುವ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಸೇರುವಾಗ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ: ಇಂಥ ಕಡೆಯೇ ಇರಬೇಕು ಅಂತ ಯಾರನ್ನೂ ಬಲವಂತ ಮಾಡುವಂತಿಲ್ಲ. ಹಾಗಾಗಿ ಸೇರುವ ಮುಂಚೆ ಕೆಲವು ದಿನ ಬಂದು ಉಳಿದು ನೋಡಲಿ ಅನ್ನುತ್ತೇವೆ. ಒಬ್ಬಳು ಬ್ಯಾಗ್ ಎತ್ತಿಕೊಂಡು ಗೇಟಿನ ಹತ್ತಿರವೇ ಕೂತುಬಿಟ್ಟಳು. ಸರಿ, ಮನೆಗೆ ವಾಪಸ್ ಕಳಿಸಿದೆವು.

ಈಗ ಅಪ್ಪ ಅಮ್ಮಂದಿರಿಂದಲೂ ಹಾಳೆ ಬರೆಸಿಕೊಳ್ಳುತ್ತಿದ್ದೇನೆ, ಅವರು ಗಟ್ಟಿಯಾಗಿರುವಾಗಲೇ. ಫಾರಂ ಕೊಟ್ಟರೆ ಎರಡು ಸಾಲು ತುಂಬುತ್ತಾರೆ, ಕಾಫಿ ಕೊಟ್ಟು ಕೂರಿಸಿದರೆ ಹೇಳುತ್ತಾ ಹೋಗುತ್ತಾರೆ. ಮೊನ್ನೆ ಒಬ್ಬ ತಾಯಿ ಮಗ ಚಿಕ್ಕವನಿದ್ದಾಗಿನ ಕಥೆ ಹೇಳುತ್ತಾ, ಜ್ವರಕ್ಕೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ಊದಿಕೊಂಡಿದ್ದನ್ನು ನೆನೆಸಿಕೊಂಡರು. ಸೇರಿಸುವಾಗ ತುಂಬಿದ ಅರ್ಜಿಯಲ್ಲಿ ಅಲರ್ಜಿ ಎಂಬ ಜಾಗದಲ್ಲಿ "ಇಲ್ಲ" ಅಂತಿತ್ತು. ಅವತ್ತೇ ಹಾಳೆಯ ಮೇಲ್ಗಡೆ ಕೆಂಪು ಪೆನ್ನಿನಲ್ಲಿ ಬರೆದೆ, ಡಾಕ್ಟರಿಗೂ ಫೋನ್ ಮಾಡಿ ಫೈಲಿನಲ್ಲಿ ಸೇರಿಸಿಕೊಳ್ಳಿ ಎಂದು ಹೇಳಿದೆ.