ತಕಿಟ ತಕಿಟ, ತಕ ತಕ ತಕ: ಮೆಕ್ಸಿಕೋದ ಆರ್ಕೆಸ್ಟ್ರಾ ಕೇಳಿದ ಬಗೆ

ಮೆಕ್ಸಿಕೋದ ಆರ್ಕೆಸ್ಟ್ರಾ ಸಂಗೀತ ಕೇಳಲು ನಾನು ಶುರು ಮಾಡಿದ್ದು ಅಲ್ಲಿನ ರಚನಕಾರ ಹೋಸೆ ಪಾಬ್ಲೋ ಮೊಂಕಾಯೋ ಅವರ ‘ವಾಪಾಂಗೋ’ದಿಂದ. ಈಗಲೂ ಯಾರು ಕೇಳಿದರೂ ಅದನ್ನೇ ಮೊದಲು ಕೊಡುತ್ತೇನೆ. 1941ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಕಾರ್ಲೋಸ್ ಚಾವೆಸ್ (ಅವರೂ ರಚನಕಾರರೇ) ಆರ್ಕೆಸ್ಟ್ರಾ ನಡೆಸಿ ಇದನ್ನು ಮೊದಲ ಸಲ ನುಡಿಸಿದರು. ಎಂಟೊಂಬತ್ತು ನಿಮಿಷ, ಅಷ್ಟೇ. ಒಳಗಿರುವುದು ವೆರಾಕ್ರೂಸ್ ಕರಾವಳಿಯ ಜನಪದ ಧಾಟಿಗಳು.

ಸುಮ್ಮನೆ ಕೇಳಿದರೆ ಇದು ಬರೀ ಗದ್ದಲದ ಕುಣಿತ ಅನಿಸಿಬಿಡುತ್ತದೆ. ಅದಕ್ಕೇ ತೊಡೆಯ ಮೇಲೆ ಆರು ಅಕ್ಷರ ಎಣಿಸುತ್ತಾ ಕೂರುತ್ತೇನೆ. ಒಮ್ಮೆ ‘ತಕಿಟ ತಕಿಟ’, ಒಮ್ಮೆ ‘ತಕ ತಕ ತಕ’. ಓಟ ಒಂದೇ, ಪೆಟ್ಟು ಬೀಳುವ ಜಾಗ ಬೇರೆ. ಕೆಲವು ಕಡೆ ಎರಡೂ ಒಟ್ಟಿಗೇ ಓಡುತ್ತವೆ. ಅಲ್ಲಿ ಬಲಗೈಗೆ ಎರಡು ಪೆಟ್ಟು, ಎಡಗೈಗೆ ಮೂರು. ಕೈಗೆ ಇದು ಕೂತಮೇಲೆ, ಕೊನೆಯ ಭಾಗದಲ್ಲಿ ಟ್ರಂಪೆಟ್ಟೂ ಟ್ರೊಂಬೋನೂ ಸವಾಲು-ಜವಾಬು ನಡೆಸುವುದು ಎಷ್ಟು ಸೊಗಸೆಂದು ತಾನಾಗಿ ಗೊತ್ತಾಗುತ್ತದೆ. ಹಳ್ಳಿಯ ಹಾಡುಗಾರರು ಸರದಿಯಲ್ಲಿ ಪದ ಕಟ್ಟುವ ರೀತಿ ಅದು.

ಆಮೇಲೆ ಸಿಲ್ವೆಸ್ತ್ರೆ ರೆವುವೆಲ್ತಾಸ್ ಅವರ ‘ಸೆನ್ಸೆಮಾಯಾ’, 1938ರ ಆರ್ಕೆಸ್ಟ್ರಾ ರೂಪ. ಹಾವು ಕೊಲ್ಲುವಾಗಿನ ಮಂತ್ರದಂಥ ಕ್ಯೂಬಾದ ಕವಿತೆಯೊಂದು ಇದರ ಮೂಲ. ಕವಿ ನಿಕೊಲಾಸ್ ಗಿಯೆನ್. ಏಳು ಅಕ್ಷರದ ನಡೆ. ನಮ್ಮವರು ಎಡವುವುದು ಇಲ್ಲೇ: ಕರ್ನಾಟಕ ಸಂಗೀತದ ಏಳಕ್ಷರದ ತಾಳ ಮಿಶ್ರ ಛಾಪಿನ (ಮೂರು, ಆಮೇಲೆ ನಾಲ್ಕು) ಅಭ್ಯಾಸದಿಂದ ಕೈ ‘ತಕಿಟ ತಕಧಿಮಿ’ ಎಂದು ಹೋಗುತ್ತದೆ, ಎರಡೇ ಆವರ್ತಕ್ಕೆ ತಾಳ ತಪ್ಪುತ್ತದೆ. ಇದು ವಿಲೋಮ, ನಾಲ್ಕು ಮೊದಲು. ‘ತಕಧಿಮಿ ತಕಿಟ’ ಹಿಡಿದರೆ ಬಸೂನ್ ಎಂಬ ಕೆಳದನಿಯ ಊದುವಾದ್ಯದ ಮರುಕಳಿಸುವ ನಡೆ ಕೈಗೆ ಸಿಗುತ್ತದೆ. ನಡುನಡುವೆ ಅಳತೆ ಬದಲಾಗುತ್ತದೆ. ಅಲ್ಲಿ ಎಣಿಕೆ ಬಿಟ್ಟು, ಆ ನಡೆ ಮರಳಿದಾಗ ಸೇರಿಕೊಳ್ಳಿ.

ಫೋನಿನ ಸ್ಪೀಕರಿನಲ್ಲಿ ಇದನ್ನು ಕೇಳಲೇಬೇಡಿ. ಆರಂಭದ ಬೇಸ್ ಕ್ಲಾರಿನೆಟ್, ಮೊದಲ ರಾಗ ಹಿಡಿಯುವ ಟ್ಯೂಬಾ, ಎರಡೂ ತೀರಾ ಕೆಳದನಿಯವು. ಅರ್ಧ ಕೃತಿಯೇ ಮಾಯವಾಗುತ್ತದೆ. ಹೆಡ್‌ಫೋನ್ ಹಾಕಿ, ಮೊದಲು ಕೊನೆಯ ಒಂದು ನಿಮಿಷ ಕೇಳಿ ದನಿಯ ಮಟ್ಟ ಹೊಂದಿಸಿಕೊಂಡು ಆರಂಭಕ್ಕೆ ಬರುತ್ತೇನೆ. ಮೆಲುದನಿಯ ಆರಂಭಕ್ಕೆ ತಕ್ಕಂತೆ ಏರಿಸಿದರೆ ಮುಂದೆ ಹಿತ್ತಾಳೆ ವಾದ್ಯಗಳು ಕಿವಿಗೆ ಅಪ್ಪಳಿಸುತ್ತವೆ.

ಹುಡುಕುವಾಗ ‘ಮೆಕ್ಸಿಕನ್ ಸಂಗೀತ’ ಎಂದು ಹಾಕಿದರೆ ಬರೀ ಮರಿಯಾಚಿ (ಗಿಟಾರು, ಪಿಟೀಲು, ಟ್ರಂಪೆಟ್‌ಗಳ ಜನಪ್ರಿಯ ಹಾಡಿನ ಮೇಳ) ಬರುತ್ತದೆ. ರಚನಕಾರರ ಪೂರ್ತಿ ಹೆಸರು, ಕೃತಿಯ ಹೆಸರು ಎರಡೂ ಕೊಡಬೇಕು. ಚಾವೆಸ್ ಅವರ ‘ಸಿನ್ಫೋನಿಯಾ ಇಂದಿಯಾ’ವನ್ನಂತೂ ಎರಡು ಧ್ವನಿಮುದ್ರಣಗಳಲ್ಲಿ ಕೇಳಿ. ಚಿಟ್ಟೆಗೂಡಿನ ಗಿಲಕಿ, ಜಿಂಕೆ ಗೊರಸಿನ ಗೊಂಚಲು, ನೀರಿನ ಸೋರೆಬುರುಡೆಯಂಥ ಮೂಲನಿವಾಸಿ ವಾದ್ಯಗಳೇ ಬೇಕೆಂದು ಅವರು ಸೂಚಿಸಿದ್ದಾರೆ, ಸಿಗದಿದ್ದರೆ ಬದಲಿಗೆ ಏನೆಂದೂ ಬರೆದಿದ್ದಾರೆ. ಹಾಗಾಗಿ ಒಂದು ತಂಡದಲ್ಲಿ ಗೊರಸಿನ ಒಣ ಸದ್ದು, ಇನ್ನೊಂದರಲ್ಲಿ ಸಾಮಾನ್ಯ ಗಿಲಕಿ.