ಗದ್ದೆ ಬಯಲಲ್ಲಿ ಮಣ್ಣು ಪರೀಕ್ಷೆ: ಏಟು ಎಣಿಸಿದರಷ್ಟೇ ಸಾಲದು

ಮಂಡ್ಯದ ಸುತ್ತ ಗದ್ದೆಗಳೆಲ್ಲ ಸೈಟಾಗುತ್ತಿವೆ, ಹಾಗಾಗಿ ಕಟ್ಟಡಕ್ಕೆ ಮುಂಚೆ ಮಣ್ಣು ಪರೀಕ್ಷಿಸುವ ನಮ್ಮಂಥವರಿಗೆ ಕೆಲಸ ಜಾಸ್ತಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ ಮೂರು ಅಂತಸ್ತಿನ ಕಟ್ಟಡಕ್ಕೆ ಮಣ್ಣು ತೆಗೆದ ವಿಷಯ ಹೇಳುತ್ತೇನೆ. ಬೋರು ಕೊರೆಯುವ ಮೂರು ಕಾಲಿನ ಟ್ರೈಪಾಡ್ ನಿಲ್ಲಿಸಿದ ಕೂಡಲೇ ದಾರೀಲಿ ಹೋಗುವವರೆಲ್ಲ "ನೀರು ಬಂತಾ ಸಾರ್?" ಅಂತಾರೆ. ಬೋರ್‌ವೆಲ್ ಅಲ್ಲ ಅಂತ ಹೇಳಿ ಹೇಳಿ ಸಾಕಾಗಿ ಈಗ ಸುಮ್ನೆ ನಗುತ್ತೇನೆ.

ಮಾಲೀಕರು ಬೋರನ್ನು ರಸ್ತೆ ಪಕ್ಕದಲ್ಲೇ ಹಾಕಿ ಅಂದರು. ಅಲ್ಲಿ ಹೊರಗಿಂದ ತಂದ ಮಣ್ಣು ತುಂಬಿಸಿದ್ದರು, ಅದನ್ನು ಪರೀಕ್ಷಿಸಿ ಏನು ಬಂತು? ಕಂಬಗಳ ಭಾರ ಜಾಸ್ತಿ ಬೀಳುವ ಕಡೆ ಒಂದು, ಗದ್ದೆ ತಗ್ಗಿರುವ ಕಡೆ ಇನ್ನೊಂದು ಹಾಕಿಸಿದೆ.

ಮೇಲಿನ ಮಣ್ಣನ್ನು ಕೈಯಲ್ಲಿ ತಿರುಗಿಸಿ ಕೊರೆಯುವ ಆಗರ್‌ನಲ್ಲೇ ತೆಗೆದೆವು. ನೀರು ಸಿಕ್ಕ ಮೇಲೆ ಗೋಡೆ ಕುಸಿಯತೊಡಗಿತು, ಅದನ್ನು ತಡೆಯುವ ಕೊಳವೆ, ಅಂದರೆ ಕೇಸಿಂಗ್ ಇಳಿಸಿದೆವು. ಒಂದೂವರೆ ಮೀಟರಿಗೊಮ್ಮೆ ಎಸ್‌ಪಿಟಿ, ಅಂದರೆ ಹ್ಯಾಮರ್‌ನಿಂದ ಬಡಿದು ಮಣ್ಣಿನ ಗಟ್ಟಿತನ ನೋಡುವ ಪರೀಕ್ಷೆ. 63.5 ಕೆಜಿ ಹ್ಯಾಮರ್ 75 ಸೆಂ.ಮೀ. ಎತ್ತರದಿಂದ ಬೀಳಬೇಕು, ರಾಡಿನ ತುದಿಯಲ್ಲಿರುವ ಸ್ಪೂನ್ (ಉದ್ದಕ್ಕೆ ಎರಡು ಹೋಳಾಗಿ ಬಿಚ್ಚುವ, ಮಣ್ಣು ಹಿಡಿಯುವ ಕೊಳವೆ) 45 ಸೆಂ.ಮೀ. ಇಳಿಯಬೇಕು. ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ, ಉಳಿದ 30ಕ್ಕೆ ಬಿದ್ದ ಏಟೇ ಎನ್ ಸಂಖ್ಯೆ, ಅದು ಹೆಚ್ಚಿದ್ದಷ್ಟೂ ಮಣ್ಣು ಗಟ್ಟಿ. ಮಧ್ಯಾಹ್ನದ ಹೊತ್ತಿಗೆ ಹಗ್ಗ ಎಳೆಯುವವರ ಕೈ ಸೋಲುತ್ತೆ, ಹ್ಯಾಮರ್ ಅಷ್ಟೆತ್ತರ ಏರುವುದಿಲ್ಲ, ಆಗ ಏಟು ಜಾಸ್ತಿ ಬೇಕಾಗಿ ಮೆತ್ತನೆ ಮಣ್ಣೂ ಕಾಗದದ ಮೇಲೆ ಗಟ್ಟಿಯಾಗಿ ಕಾಣುತ್ತೆ. ಅದಕ್ಕೇ ರಾಡಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಪಕ್ಕದಲ್ಲೇ ನಿಂತೆ.

ಸ್ಪೂನ್ ಬಿಚ್ಚುವುದನ್ನಂತೂ ನಾನು ಯಾರಿಗೂ ಬಿಡುವುದಿಲ್ಲ. ಒಂದು ಕಡೆ ಹಿಂದಿನ ಆಳಕ್ಕೂ ಇದಕ್ಕೂ ಏಟು ಹೆಚ್ಚುಕಮ್ಮಿ ಒಂದೇ. ಆದರೆ ಎರಡು ಹೋಳು ಬೇರೆ ಮಾಡಿ ನೋಡಿದರೆ, ಮೇಲರ್ಧ ಬೆರಳಿಗೆ ಅಂಟುವ ಕಪ್ಪು ಜೇಡಿ, ಕೆಳಗರ್ಧ ಬೂದು ಬಣ್ಣದ ಸಣ್ಣ ಮರಳು, ಅದರೊಳಗೆ ಮಿನುಗುವ ಅಭ್ರಕ. ಸಂಖ್ಯೆ ಒಂದೇ ಇದ್ದರೂ ಭಾರ ಬಿದ್ದಾಗ ಇವೆರಡೂ ಒಂದೇ ಥರ ಕುಸಿಯಲ್ಲ ಅಲ್ವಾ? ಎರಡನ್ನೂ ಬೇರೆ ಬೇರೆ ಕವರಿಗೆ ಹಾಕಿ ಬೋರು ನಂಬರು, ಆಳ ಬರೆದೆ. ಸ್ಪೂನಿನಲ್ಲಿ ಬಂದ ಮಣ್ಣು ಕಲಕಿ ಹೋಗಿರುತ್ತೆ, ಜರಡಿ ಹಿಡಿಯುವುದಕ್ಕೆ ಸಾಕು, ಕುಸಿತದ ಲೆಕ್ಕಕ್ಕೆ ಆಗದು. ಅದಕ್ಕೆ ಆ ಜೇಡಿಗೆ ಪಕ್ಕದಲ್ಲಿ ಇನ್ನೊಂದು ಬೋರು ಹಾಕಿ, ತೆಳು ಕೊಳವೆಯನ್ನು ಬಡಿಯದೆ ಒಂದೇ ಸಮ ಒತ್ತಿ ಇಳಿಸಿ, ಎರಡೂ ತುದಿಗೆ ಮೇಣ ಸುರಿದು ಮುಚ್ಚಿದೆ. ಲ್ಯಾಬಿಗೆ ಹೋಗುವಾಗ ಆ ಕೊಳವೆ ನನ್ನ ತೊಡೆ ಮೇಲೇ ಇತ್ತು, ನಮ್ಮ ರಸ್ತೆ ಗುಂಡಿಗಳನ್ನು ನಂಬಿ ಹಿಂದೆ ಹಾಕೋಕಾಗುತ್ತಾ!

ಇನ್ನೂ ಕೆಳಗೆ ಹೋದಾಗ ಸ್ಪೂನ್ ಇಳಿಯಲೇ ಇಲ್ಲ. "ಬಂಡೆ ಸಿಕ್ತು ಸಾರ್, ಎತ್ತೋಣ್ವಾ?" ಅಂದರು ಕೆಲಸದವರು. ಆದರೆ ನಾನು ಒಪ್ಪಲಿಲ್ಲ. ನಮ್ಮ ಕಡೆಯ ನೈಸ್ ಎಂಬ ಪಟ್ಟೆ ಪಟ್ಟೆ ಶಿಲೆ ಕೊಳೆತು ಗರಸಾಗುವಾಗ (ಒರಟು ಪುಡಿಮಣ್ಣಾಗುವಾಗ) ನಡುನಡುವೆ ಗುಂಡುಕಲ್ಲು ಉಳಿದಿರುತ್ತೆ. ಕಲ್ಲು ಕೊರೆಯುವ ಡೈಮಂಡ್ ಬಿಟ್ ಹಾಕಿ ಕೊರೆಸಿದೆ. ಮೊಳದುದ್ದ ಕಲ್ಲು ದಾಟಿದ ಮೇಲೆ ಮತ್ತೆ ಗರಸು. ನಿಜವಾದ ಬಂಡೆ ಅದರ ಕೆಳಗಿತ್ತು.

ನೀರಿನ ಮಟ್ಟವನ್ನು ರಾತ್ರಿಯೆಲ್ಲ ಬಿಟ್ಟು ಮರುದಿನ ಅಳೆದೆ. ಆಗ ನಾಲೆಯಲ್ಲಿ ನೀರು ಹರಿಯುತ್ತಿತ್ತು, ಅಂಥ ಹೊತ್ತಲ್ಲಿ ನೆಲದೊಳಗಿನ ನೀರೂ ಮೇಲಿರುತ್ತೆ. ವರದಿಯಲ್ಲಿ ಅದನ್ನೂ ತಾರೀಖಿನ ಪಕ್ಕದಲ್ಲೇ ಬರೆದೆ. ಪಾಯ ತೆಗೆಯುವುದನ್ನು ನಾಲೆ ನಿಂತ ಮೇಲೆ ಇಟ್ಟುಕೊಳ್ಳಿ ಅಂತ ಮೇಸ್ತ್ರಿಗೆ ಫೋನ್ ಮಾಡಿಯೂ ಹೇಳಿದೆ.