ಬೀಟ್ ಸೇಬರ್: ಮೊದಲು ಬ್ಲಾಕ್ ಕಾಣಲಿ, ಆಮೇಲೆ ಲೈಟ್ ಕುಣಿಯಲಿ

ನನ್ನ ಕಣ್ಣಿಗೆ ಕೆಂಪು ಮಂಕು. ಹುಟ್ಟಿನಿಂದಲೇ ಹಾಗೆ. ಬೀಟ್ ಸೇಬರ್ ಅಂದರೆ ವಿಆರ್ ಹೆಡ್‌ಸೆಟ್ ಹಾಕಿಕೊಂಡು, ಹಾಡಿನ ತಾಳಕ್ಕೆ ಹಾರಿ ಬರುವ ಬ್ಲಾಕ್‌ಗಳನ್ನು ಎರಡೂ ಕೈಯ ಬೆಳಕಿನ ಕತ್ತಿಯಿಂದ (ಸೇಬರ್) ಕತ್ತರಿಸುವ ಆಟ. ಅದರಲ್ಲಿ ಎಡಗೈ ಬ್ಲಾಕ್ ಕೆಂಪು, ಹಿನ್ನೆಲೆ ಕಪ್ಪು. ವೇಗದ ಹಾಡಿನಲ್ಲಿ ಆ ಬ್ಲಾಕ್ ನನಗೆ ಕಾಣಿಸುವಷ್ಟರಲ್ಲಿ ಹತ್ತಿರವೇ ಬಂದಿರುತ್ತದೆ. ಹಾಗಾಗಿ ಬಣ್ಣ ಬದಲಿಸದೆ ನಾನು ಆಡುವುದೇ ಇಲ್ಲ. ಹಿನ್ನೆಲೆಯ ಲೈಟ್ ಎಷ್ಟೇ ಚಂದ ಇರಲಿ, ಬ್ಲಾಕ್ ಕಾಣಬೇಕು. ನಿಮ್ಮ ಕಣ್ಣು ಚೆನ್ನಾಗಿದ್ದರೂ ಈ ಲೆಕ್ಕ ತಪ್ಪುವುದಿಲ್ಲ.

ಮಾಡ್, ಅಂದರೆ ಆಟವನ್ನು ಬದಲಿಸಲು ಬೇರೆಯವರು ಬರೆದ ಸೇರ್ಪಡೆ, ಹುಡುಕುವ ಮೊದಲು ಆಟದಲ್ಲೇ ಏನಿದೆ ನೋಡಿ. ಹಾಡು ಆರಿಸುವ ಪರದೆಯ ಎಡಗಡೆ ಬಣ್ಣಗಳ ಟ್ಯಾಬ್ ಇದೆ. ಅಲ್ಲಿ ಓವರ್‌ರೈಡ್ ಆನ್ ಮಾಡಿ ನಿಮ್ಮದೇ ಬಣ್ಣ ಇಡಬಹುದು: ಎರಡು ಸೇಬರ್‌ಗೆ, ಎರಡು ಲೈಟ್‌ಗೆ, ಎರಡು ಬೂಸ್ಟ್ ಲೈಟ್‌ಗೆ, ಗೋಡೆಗೆ. ಬ್ಲಾಕ್‌ಗೆ ಬೇರೆ ಬಣ್ಣ ಇಲ್ಲ, ಸೇಬರ್‌ನದೇ ಬರುತ್ತದೆ. ಹಾಡಿನ ಕೆಲವು ಜಾಗದಲ್ಲಿ ಲೈಟ್‌ಗಳು ಇನ್ನೊಂದು ಜೋಡಿ ಬಣ್ಣಕ್ಕೆ ತಿರುಗುತ್ತವಲ್ಲ, ಅದೇ ಬೂಸ್ಟ್. ಅದನ್ನು ಬದಲಿಸದೆ ಬಿಟ್ಟರೆ ಹಾಡಿನ ನಡುವೆ ಹಳೇ ಬಣ್ಣ ಹಾಜರಾಗುತ್ತದೆ.

ಯಾವ ಬಣ್ಣ ಆರಿಸಬೇಕು? ಆಟದ ಮೂಲ ಕೆಂಪು 200, 20, 20. ನೀಲಿ 40, 142, 210. ಮೊದಲ ಸಂಖ್ಯೆ ಕೆಂಪು, ಎರಡನೆಯದು ಹಸಿರು, ಮೂರನೆಯದು ನೀಲಿ. ಪರದೆ ಎಷ್ಟು ಬೆಳಕಾಗಿ ಕಾಣುತ್ತದೆ ಎಂಬುದರಲ್ಲಿ ಹಸಿರಿನ ಪಾಲು ಸುಮಾರು 72 ಶೇಕಡ, ಕೆಂಪಿನದು 21, ನೀಲಿಯದು ಬರೀ 7. ಲೆಕ್ಕ ಹಾಕಿದರೆ ಆ ನೀಲಿ ಬ್ಲಾಕ್ ಕೆಂಪಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಬೆಳಕು. ಅದರೊಳಗೆ 142 ಹಸಿರು ಸೇರಿಕೊಂಡಿರುವುದೇ ಕಾರಣ. ಅಂದರೆ ಬ್ಲಾಕ್ ಎದ್ದು ಕಾಣಬೇಕಾದರೆ ಹಸಿರಿನ ಸಂಖ್ಯೆ ಏರಿಸಿ. ನಾನು ಎಡಗೈಗೆ 255, 170, 0 ಇಟ್ಟಿದ್ದೇನೆ, ಹಳದಿಗೆ ಹತ್ತಿರದ ಕಿತ್ತಳೆ. ಬಲಗೈಗೆ 30, 110, 255. ಹಳದಿ ಮತ್ತು ನೀಲಿ ನನ್ನಂಥ ಕಣ್ಣಿಗೂ ಬೇರೆಬೇರೆಯಾಗಿಯೇ ಕಾಣುತ್ತವೆ.

ಲೈಟ್‌ಗೆ ಬ್ಲಾಕ್‌ನ ಬಣ್ಣವನ್ನೇ ಕೊಡಬೇಡಿ. ಸೆಟ್ಟಿಂಗ್ ಪರದೆಯಲ್ಲಿ ಜೋಡಿ ಚೆನ್ನಾಗಿ ಕಾಣುತ್ತದೆ, ಆದರೆ ಕಿತ್ತಳೆ ಲೇಸರ್ ಹಿಂದೆ ಉರಿಯುವಾಗ ಕಿತ್ತಳೆ ಬ್ಲಾಕ್ ಅದರಲ್ಲೇ ಕರಗಿಹೋಗುತ್ತದೆ. ನಾನು ಲೈಟ್‌ಗೆ ಮಂಕಾದ ಹಸಿರು-ನೀಲಿ ಇಟ್ಟಿದ್ದೇನೆ. ನನ್ನ ಕಣ್ಣಿಗೆ ಅದು ಬೂದು ಬಣ್ಣ. ನನಗೆ ಬೇಕಾದ್ದೂ ಅದೇ: ಹಿಂದೆ ಬೂದು ಬೆಳಕು, ಮುಂದೆ ಬಣ್ಣದ ಬ್ಲಾಕ್. ಇನ್ನೊಂದು ಮಾತು, ಬಣ್ಣವನ್ನು ಮಾನಿಟರ್‌ನಲ್ಲಿ ನೋಡಿ ತೀರ್ಮಾನಿಸಬೇಡಿ. ಎಲ್‌ಸಿಡಿ ಹೆಡ್‌ಸೆಟ್‌ನಲ್ಲಿ ಕಪ್ಪು ಪೂರ್ತಿ ಕಪ್ಪಾಗಿರುವುದಿಲ್ಲ, ಸ್ವಲ್ಪ ಬೂದು. ಗಾಢ ನೇರಳೆ, ಗಾಢ ಕೆಂಪು ಅದರಲ್ಲಿ ಮುಳುಗಿಹೋಗುತ್ತವೆ. ಓಎಲ್‌ಇಡಿಯಲ್ಲಿ ಅದೇ ಬಣ್ಣ ಎದ್ದು ಕಾಣಬಹುದು. ಹೆಡ್‌ಸೆಟ್ ಹಾಕಿಕೊಂಡೇ ನೋಡಿ.

ಇಷ್ಟಾದ ಮೇಲೆ ಮಾಡ್. ಪಿಸಿಯಲ್ಲಿ ಬಿಎಸ್‌ಮ್ಯಾನೇಜರ್ ಹಾಕಿಕೊಳ್ಳಿ. ಆಟದ ಬೇರೆಬೇರೆ ಆವೃತ್ತಿಗಳನ್ನು ಅದು ಪಕ್ಕಪಕ್ಕದಲ್ಲೇ ಇಟ್ಟುಕೊಳ್ಳುತ್ತದೆ. ಮೂಲ ಆಟ ಮುಟ್ಟದೆ ಮಾಡ್‌ಗೆಂದೇ ಒಂದು ಪ್ರತಿ ಇಡಿ. ಮಾಡ್ ಇಲ್ಲದೆ ಅದನ್ನು ಒಮ್ಮೆ ಓಡಿಸಿ, ಮುಚ್ಚಿ, ಆಮೇಲೆ ಬಿಎಸ್‌ಐಪಿಎ (ಮಾಡ್‌ಗಳನ್ನು ಆಟಕ್ಕೆ ಸೇರಿಸುವುದು), ಸಾಂಗ್‌ಕೋರ್ (ಹೊರಗಿನ ಹಾಡುಗಳನ್ನು ಆಟಕ್ಕೆ ತರುವುದು), ಕ್ರೋಮಾ (ಲೈಟ್, ಬ್ಲಾಕ್‌ಗಳಿಗೆ ಬೇಕಾದ ಬಣ್ಣ ಕೊಡುವುದು) ಹಾಕಿ. ಕ್ರೋಮಾಗೆ ಬೇಕಾದ ಕಸ್ಟಮ್ ಜೇಸನ್ ಡೇಟಾ ಮುಂತಾದವು ಜೊತೆಗೇ ಬರಬೇಕು, ಬಂದಿವೆಯಾ ನೋಡಿಕೊಳ್ಳಿ. ಕ್ವೆಸ್ಟ್ ಹೆಡ್‌ಸೆಟ್‌ನಲ್ಲೇ ಆಡುವವರು ಡೆವಲಪರ್ ಮೋಡ್ ಆನ್ ಮಾಡಿ, ಯುಎಸ್‌ಬಿ ಕೇಬಲ್ ಹಾಕಿ, ಬ್ರೌಸರ್‌ನಲ್ಲಿ ಮಾಡ್ಸ್‌ಬಿಫೋರ್‌ಫ್ರೈಡೇ ತೆರೆದರೆ ಸಾಕು. ಆಟವನ್ನು ಪ್ಯಾಚ್ ಮಾಡುವ ಕೆಲಸ ಅದೇ ನೋಡಿಕೊಳ್ಳುತ್ತದೆ.

ಈಗ ಜಾಸ್ತಿ ಜನ ತಲೆ ಕೆಡಿಸಿಕೊಳ್ಳುವ ಜಾಗ. "ನಾನು ಬಣ್ಣ ಇಟ್ಟಿದ್ದೇನೆ, ಈ ಹಾಡಿನಲ್ಲಿ ಯಾಕೆ ಬರುತ್ತಿಲ್ಲ?" ಒಂದು ಹಾಡಿಗೆ ಬ್ಲಾಕ್, ಲೈಟ್ ಯಾವಾಗ ಬರಬೇಕು ಎಂದು ಬರೆದಿಟ್ಟದ್ದೇ ಮ್ಯಾಪ್. ಸಾಮಾನ್ಯ ಮ್ಯಾಪ್‌ನಲ್ಲಿ ಲೈಟ್‌ಗೆ ಅಂತ ಬಣ್ಣ ಬರೆದಿರುವುದಿಲ್ಲ. "ನಡುವಿನ ಲೈಟ್, ಮೊದಲ ಬಣ್ಣ, ಒಮ್ಮೆ ಮಿಂಚು" ಅನ್ನುವಂಥ ಸೂಚನೆ ಮಾತ್ರ ಇರುತ್ತದೆ. ಹಿಂದಿನ ಲೇಸರ್, ಉಂಗುರ, ಎಡ ಮತ್ತು ಬಲ ಲೇಸರ್, ನಡುವಿನ ಲೈಟ್, ಎಲ್ಲಕ್ಕೂ ಹೀಗೇ. ಮೊದಲ ಬಣ್ಣ ಯಾವುದು ಅನ್ನುವುದು ನಿಮ್ಮ ಸೆಟ್ಟಿಂಗ್‌ನಿಂದ ಬರುತ್ತದೆ. ಕ್ರೋಮಾ ಮ್ಯಾಪ್ ಮಾಡಿದವರು ಮಾತ್ರ ಒಂದೊಂದು ಸೂಚನೆಯ ಜೊತೆಗೂ ನೇರ ಬಣ್ಣವನ್ನೇ ಬರೆದಿರುತ್ತಾರೆ. ಒಂದೇ ಲೇಸರ್ ಸಾಲಿನಲ್ಲಿ ಕಾಮನಬಿಲ್ಲು ಹರಿಯುವುದು ಹೀಗೆ. ಅಲ್ಲಿ ನಿಮ್ಮ ಲೈಟ್ ಬಣ್ಣಕ್ಕೆ ಕೆಲಸವೇ ಇಲ್ಲ. ಆ ಹಾಡು ಕಣ್ಣಿಗೆ ಕಷ್ಟವಾದರೆ ಕ್ರೋಮಾ ಸೆಟ್ಟಿಂಗ್‌ಗೆ ಹೋಗಿ ಬ್ಲಾಕ್ ಬಣ್ಣ ಬದಲಿಸುವುದನ್ನು ಮಾತ್ರ ಆಫ್ ಮಾಡಿ. ಲೈಟ್‌ಗಳು ಹಾಗೇ ಇರಲಿ, ಮ್ಯಾಪ್ ಮಾಡಿದವರು ಅದಕ್ಕೆ ತುಂಬಾ ಹೊತ್ತು ಕೂತಿರುತ್ತಾರೆ, ಅಲ್ವಾ? ಅದೂ ಸಾಲದಿದ್ದರೆ ಲೈಟ್ ಸೂಚನೆಗಳನ್ನೂ ಆಫ್ ಮಾಡಿ. ಕ್ರೋಮಾ ಇಲ್ಲದ ಮ್ಯಾಪ್ ಕೂಡ ತನ್ನದೇ ಬಣ್ಣ ತರಬಹುದು. ಅದನ್ನು ತಡೆಯುವ ಆಯ್ಕೆ ಸಾಂಗ್‌ಕೋರ್‌ನಲ್ಲಿದೆ.

ಒಂದು ಹಾಡಿಗೆ ಮಾತ್ರ ಬೇರೆ ಬಣ್ಣ ಬೇಕೆಂದರೆ ಅದರ ವಿವರ ಇರುವ ಇನ್ಫೋ ಫೈಲನ್ನೇ ತಿದ್ದಬಹುದು. ಮೂಲವನ್ನು ಮುಟ್ಟಬೇಡಿ. ಇನ್ಫೋ ಫೈಲ್ ಬದಲಾದರೆ ಮ್ಯಾಪ್‌ನ ಹ್ಯಾಶ್, ಅಂದರೆ ಫೈಲ್‌ಗಳಿಂದ ಲೆಕ್ಕ ಹಾಕಿದ ಗುರುತು, ಬದಲಾಗುತ್ತದೆ, ಸ್ಕೋರ್ ಪಟ್ಟಿಗಳಿಗೆ ಅದು ಬೇರೆಯೇ ಮ್ಯಾಪ್ ಆಗಿಬಿಡುತ್ತದೆ. ಹಾಡಿನ ಫೋಲ್ಡರನ್ನು ಕಸ್ಟಮ್‌ವಿಪ್‌ಲೆವೆಲ್ಸ್‌ಗೆ ಕಾಪಿ ಮಾಡಿ ಅಲ್ಲಿ ತಿದ್ದಿ. ಅಲ್ಲಿರುವ ಹಾಡನ್ನು ಪ್ರಾಕ್ಟೀಸ್‌ನಲ್ಲಿ ಮಾತ್ರ ಆಡಬಹುದು, ಪರೀಕ್ಷೆಗೆ ಅಷ್ಟು ಸಾಕು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪ್ರತಿ ಕಷ್ಟದ ಮಟ್ಟದ ಕೆಳಗೂ ಸಾಮಾನ್ಯವಾಗಿ ಕಸ್ಟಮ್ ಡೇಟಾ ಭಾಗ ಇರುತ್ತದೆ. ಮ್ಯಾಪ್ ಮಾಡಿದವರು ಬಣ್ಣ ಇಟ್ಟಿದ್ದರೆ ಅದರಲ್ಲಿ ಎಡ ಬಣ್ಣ, ಬಲ ಬಣ್ಣ ಇರುತ್ತವೆ. ಇಲ್ಲಿ ಸಂಖ್ಯೆ 0ಯಿಂದ 255ರವರೆಗೆ ಅಲ್ಲ, 0ಯಿಂದ 1ರವರೆಗೆ. ಆದ್ದರಿಂದ 255ರಿಂದ ಭಾಗಿಸಿ. ನನ್ನ ಕಿತ್ತಳೆ 1, 0.667, 0 ಆಗುತ್ತದೆ. ಉಳಿಸಿದ ಮೇಲೆ ಹಾಡು ಪಟ್ಟಿಯಿಂದಲೇ ಮಾಯವಾದರೆ ಗಾಬರಿ ಬೇಡ. ಎಲ್ಲೋ ಒಂದು ಕಾಮಾ ಬಿಟ್ಟುಹೋಗಿರುತ್ತದೆ, ಇಲ್ಲವೇ ಜಾಸ್ತಿ ಬಿದ್ದಿರುತ್ತದೆ.

ಮಿಂಚುವ ಬೆಳಕಿನ ವಿಷಯದಲ್ಲಿ ದಯವಿಟ್ಟು ಹುಷಾರಾಗಿರಿ. ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಮಿಂಚುವ ಬೆಳಕು ಕೆಲವರಲ್ಲಿ ಫಿಟ್ಸ್ ತರಬಹುದು. ಗಾಢ ಕೆಂಪು ಇನ್ನೂ ಅಪಾಯ. ಹೆಡ್‌ಸೆಟ್‌ನಲ್ಲಿ ಅದು ಕಣ್ಣ ತುಂಬ ಇರುತ್ತದೆ, ಪಕ್ಕಕ್ಕೆ ತಿರುಗಿದರೂ ತಪ್ಪುವುದಿಲ್ಲ. ಪ್ಲೇಯರ್ ಆಯ್ಕೆಗಳಲ್ಲಿ ಮಿನುಗು ಕಡಿಮೆ ಮಾಡುವುದೂ ಇದೆ, ಲೈಟ್ ಮಿಂಚದೆ ಒಂದೇ ಸಮ ಇರುವಂತೆ ಮಾಡುವುದೂ ಇದೆ. ಮನೆಗೆ ಬಂದವರ ಕೈಗೆ ಹೆಡ್‌ಸೆಟ್ ಕೊಡುವ ಮೊದಲು ನಾನು ಅದನ್ನು ತಪ್ಪದೆ ಹಾಕುತ್ತೇನೆ, ಕ್ರೋಮಾವನ್ನೂ ಆಫ್ ಮಾಡುತ್ತೇನೆ.

ಫ್ರೇಮ್ ಲೆಕ್ಕವೂ ಇದೆ. 90 ಹರ್ಟ್ಸ್‌ನಲ್ಲಿ ಒಂದು ಫ್ರೇಮ್‌ಗೆ ಸಿಗುವುದು 11.1 ಮಿಲಿಸೆಕೆಂಡ್, 120ರಲ್ಲಿ 8.3. ಅಷ್ಟರಲ್ಲಿ ಎರಡೂ ಕಣ್ಣಿನ ಚಿತ್ರ ಮುಗಿಯಬೇಕು. ನೂರಾರು ಹೊಸ ಲೈಟ್ ತುಂಬಿದ ಕ್ರೋಮಾ ಮ್ಯಾಪ್‌ನಲ್ಲಿ ಚಿತ್ರ ತಡವರಿಸಿದರೆ ಮೊದಲು ಕ್ರೋಮಾ ಸೆಟ್ಟಿಂಗ್‌ನಲ್ಲಿ ಪರಿಸರ ಬದಲಾವಣೆಯನ್ನು ಆಫ್ ಮಾಡಿ, ಆಮೇಲೆ ಕನ್ನಡಿ ಪ್ರತಿಫಲನ ಇಳಿಸಿ. ಬ್ಲೂಮನ್ನು ಕೊನೆಗೆ ಮುಟ್ಟಿ. ಲೈಟ್ ಹೊಳೆಯುವಂತೆ ಕಾಣುವುದು ಅದರಿಂದಲೇ.

ಆಟ ಅಪ್‌ಡೇಟ್ ಆದ ದಿನ ಮಾಡ್‌ಗಳು ಕೆಲಸ ನಿಲ್ಲಿಸುತ್ತವೆ. ಹಳೇ ಪ್ರತಿಯಲ್ಲೇ ಆಡುತ್ತಿರಿ. ಕ್ರೋಮಾ ಹೊಸ ಆವೃತ್ತಿಗೆ ಬಂದ ಮೇಲೆ ಯೂಸರ್‌ಡೇಟಾ ಫೋಲ್ಡರನ್ನು ಕಾಪಿ ಮಾಡಿಟ್ಟುಕೊಂಡು ಆ ಕಡೆ ಹೋಗಿ. ಮಾಡ್‌ಗಳ ಸೆಟ್ಟಿಂಗ್ ಇರುವುದು ಅದರಲ್ಲೇ.